ಮಣ್ಣಲ್ಲಿ ಸಿಕ್ಕ ಮೋಟಾರು ಸಾಮಾನು: ಅಳಿಯನಿಗೆ ನಾಲ್ಕು ಮಾತು

ಅಳಿಯ, ಮೆಟಲ್ ಡಿಟೆಕ್ಟರ್ ಹಿಡಿದು ಮಿಷಿಗನ್ನಿನ ಹಳೇ ಹೊಲಗಳಲ್ಲಿ ಸುತ್ತುತ್ತಿದ್ದೀಯಂತೆ, ನಿನ್ನಮ್ಮ ಹೇಳಿದಳು. ಡೆಟ್ರಾಯಿಟ್ ಇರುವ ಸೀಮೆಯಲ್ಲಿ ನಾಣ್ಯಕ್ಕಿಂತ ಮೊದಲು ಕೈಗೆ ಬರುವುದು ಕಾರಿನ ಸಾಮಾನೇ. ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವನ ಮಾತೆಂದು ಕೇಳಿಸಿಕೋ.

• ಸಿಕ್ಕ ಕೂಡಲೇ ಉಜ್ಜಬೇಡ. ಹುಣಿಸೇಹಣ್ಣು, ವೈರ್ ಬ್ರಷ್ ಎರಡನ್ನೂ ದೂರವಿಡು. ಹಿತ್ತಾಳೆ ಫಳಫಳ ಹೊಳೆದೀತು, ಆದರೆ ಮೇಲಿನ ತೆಳು ನಿಕಲ್ ಲೇಪ ಹೋದರೆ ಅದರ ಕಾಲ ಹೇಳುವ ಸಾಕ್ಷಿಯೇ ಹೋದಂತೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ, ಬಿದಿರು ಕಡ್ಡಿಯಿಂದ ಮಣ್ಣು ಬಿಡಿಸು.

• ಬ್ರೇಕ್ ಶೂ, ಕ್ಲಚ್ ಪ್ಲೇಟ್ ಸಿಕ್ಕರಂತೂ ಒಣಗಿಸಿ ಕೆರೆಯಲೇಬೇಡ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು.

• ಅಕ್ಷರ ಕಾಣದಿದ್ದರೆ ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿ. ತೆಳು ಕಾಗದವಿಟ್ಟು ಪೆನ್ಸಿಲ್ ತೀಡಿದರೂ ಮೂಡುತ್ತದೆ.

• ಮ್ಯಾಗ್ನೆಟ್ ಒಂದು ಜೇಬಿನಲ್ಲಿರಲಿ. ಹಿಡಿದರೆ ಕಬ್ಬಿಣ. ಹಿಡಿಯದೆ ಹಗುರವಾಗಿದ್ದರೆ ಅಲ್ಯೂಮಿನಿಯಂ. ಹಸಿರು ಕಿಲುಬು ಕಟ್ಟಿದ್ದರೆ ಹಿತ್ತಾಳೆ ಅಥವಾ ತಾಮ್ರ. ಭಾರವಾಗಿದ್ದು, ಊದಿಕೊಂಡು ಬಿರುಕುಬಿಟ್ಟಿದ್ದರೆ ಸತುವಿನ ಎರಕ. ಲೇಪದಲ್ಲಿ ತುಸು ಹಳದಿ ಛಾಯೆಯಿದ್ದರೆ ನಿಕಲ್, ನೀಲಿ ಛಾಯೆಯಿದ್ದರೆ ಕ್ರೋಮ್. ಕಾರುಗಳಿಗೆ ಕ್ರೋಮ್ ಹತ್ತಿದ್ದು 1920ರ ದಶಕದ ಕೊನೆಯಲ್ಲಿ.

• ಬಳ್ಳಿಯಂಥ ಅಕ್ಷರದಲ್ಲಿ ‘ಫೋರ್ಡ್’ ಎಂದಿರುವ ಪುಟ್ಟ ಹಬ್ ಕ್ಯಾಪ್ ಸಿಕ್ಕರೆ ಕುಣಿದಾಡಬೇಡ. ಅದು ಮಾಡೆಲ್ ಟಿ ಸಾಮಾನು. 1908ರಿಂದ 1927ರವರೆಗೆ ಒಂದೂವರೆ ಕೋಟಿ ಕಾರು ಮಾಡಿದರು. ತಿರುಪಿ ಕೂರಿಸುವ ಕ್ಯಾಪು, ಸಡಿಲವಾದರೆ ದಾರಿಯಲ್ಲೇ ಬೀಳುತ್ತಿತ್ತು. ‘ಮೇಡ್ ಇನ್ ಕೆನಡಾ’ ಎಂದಿದ್ದರೆ ಮಾತ್ರ ನನಗೊಂದು ಫೋಟೋ ಕಳಿಸು. ಬ್ರಿಟನ್ ಒಂದನ್ನು ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ವ್ಯಾಪಾರ ಫೋರ್ಡಿನ ಕೆನಡಾ ಕಂಪನಿಯ ಪಾಲಿಗಿತ್ತು, ನಮ್ಮ ದೇಶಕ್ಕೂ ಅಲ್ಲಿಂದಲೇ ಬರುತ್ತಿದ್ದವು.

• ಸ್ಪಾರ್ಕ್ ಪ್ಲಗ್‌ನಲ್ಲಿ ಹೆಸರಿಗಿಂತ ಥ್ರೆಡ್ ನೋಡು. ಮಾಡೆಲ್ ಟಿ ಪ್ಲಗ್ಗಿಗೆ ನಲ್ಲಿ ಪೈಪಿನ ಹಾಗೆ ಕೆಳಗೆ ಸಣ್ಣಗಾಗುತ್ತ ಹೋಗುವ ಅರ್ಧ ಇಂಚಿನ ಪೈಪ್ ಥ್ರೆಡ್. 14 ಮಿಲಿಮೀಟರಿನದು ಆಮೇಲಿನ ಕಾಲದ್ದು. ‘ಚಾಂಪಿಯನ್’, ‘ಎಸಿ’ ಎರಡೂ ಬದ್ಧ ಎದುರಾಳಿ ಕಂಪನಿಗಳು. ತಮಾಷೆಯೆಂದರೆ ಎರಡು ಹೆಸರೂ ಬಂದದ್ದು ಆಲ್ಬರ್ಟ್ ಚಾಂಪಿಯನ್ ಎಂಬ ಒಬ್ಬನೇ ಫ್ರೆಂಚ್ ಸೈಕಲ್ ಪಂದ್ಯಗಾರನಿಂದ.

• ಆರು ಮೂಲೆಯ ನಕ್ಷತ್ರ ಕಂಡು ಯಹೂದಿಗಳ ಪದಕವೆಂದು ತಿಳಿಯಬೇಡ. ಎರಡು ತ್ರಿಕೋನ ಹೆಣೆದ ಆ ಗುರುತು ಡಾಡ್ಜ್ ಬ್ರದರ್ಸ್ ಕಾರಿನದೂ ಹೌದು.

• ‘ಬಾಡಿ ಬೈ ಫಿಶರ್’ ಎಂಬ ತಗಡು ನಿನ್ನ ಸೀಮೆಯಲ್ಲಿ ಬೇಕಾದಷ್ಟು. ಫಿಶರ್ ಎಂಬುದು ಕಾರಲ್ಲ, ಜನರಲ್ ಮೋಟರ್ಸ್‌ಗೆ ಬಾಡಿ ಕಟ್ಟುತ್ತಿದ್ದ ಕಂಪನಿ. ಷೆವ್ರೊಲೆಯಿಂದ ಕ್ಯಾಡಿಲಾಕ್‌ವರೆಗೆ ಯಾವುದಾದರೂ ಆಗಬಹುದು. ಅಷ್ಟಕ್ಕೇ ನಿಲ್ಲು, ಕ್ಯಾಡಿಲಾಕ್ ಎಂದು ನಾಲ್ಕು ಜನರ ಮುಂದೆ ಹೇಳಬೇಡ.

• ಪೇಟೆಂಟ್ ತಾರೀಖು ಕಂಡರೆ ಸಾಮಾನು ಅದೇ ವರ್ಷದ್ದೆಂದು ಎಲ್ಲರೂ ಬೀಳುವ ಗುಂಡಿಗೆ ನೀನೂ ಬೀಳಬೇಡ. ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅದರರ್ಥ. ಅಮೆರಿಕದಲ್ಲಿ ತಾರೀಖಿನ ಬದಲು ಪೇಟೆಂಟ್ ನಂಬರನ್ನೇ ಹಾಕಬೇಕೆಂದು ಕಾನೂನಾದದ್ದು 1927ರಲ್ಲಿ. ನಂಬರ್ ಸಿಕ್ಕರೆ ಅದೃಷ್ಟ, ಪೇಟೆಂಟ್ ದಾಖಲೆಯಲ್ಲಿ ಚಿತ್ರ ಸಮೇತ ಸಿಗುತ್ತದೆ.

• ಫೋರ್ಡಿನ ಈಚಿನ ಸಾಮಾನು ತನ್ನ ಜಾತಕವನ್ನು ತಾನೇ ಹೊತ್ತಿರುತ್ತದೆ. ನಂಬರು ‘ಸಿ5ಜೆಡ್’ ಎಂದು ಶುರುವಾದರೆ ಸಿ ಅಂದರೆ 1960ರ ದಶಕ, 5 ಅಂದರೆ 1965, ಜೆಡ್ ಅಂದರೆ ಮಸ್ಟಾಂಗ್. ಇದೂ ವಿನ್ಯಾಸದ ವರ್ಷ. ಅದೇ ಸಾಮಾನು ಮುಂದೆ ಹಲವು ವರ್ಷ ನಡೆದಿರಬಹುದು.

• ದಪ್ಪ ಬೀಡುಕಬ್ಬಿಣದ ತುಂಡಾದರೆ ಮೊದಲು ಟ್ರ್ಯಾಕ್ಟರನ್ನೋ ಕೊಯ್ಲಿನ ಯಂತ್ರವನ್ನೋ ನೆನೆ, ಆಮೇಲೆ ಕಾರು. ಹೊಲ ತಾನೆ ಅದು! ಬಲ್ಲವರಿಗೆ ತೋರಿಸುವಾಗ ಎರಡೂ ಮಗ್ಗುಲಿನ ಫೋಟೋ ತೆಗೆ, ಪಕ್ಕದಲ್ಲಿ ಸ್ಕೇಲ್ ಇಡು. ಅಂಗೈಯಲ್ಲಿಟ್ಟು ತೆಗೆದ ಫೋಟೋದಿಂದ ಯಾರಿಗೂ ಅಳತೆ ತಿಳಿಯದು.

• ಜಮೀನಿನ ಒಡೆಯನನ್ನು ಕೇಳದೆ ಗುದ್ದಲಿ ಇಡಬೇಡ. ರಾಷ್ಟ್ರೀಯ ಉದ್ಯಾನಗಳೊಳಗೆ ಡಿಟೆಕ್ಟರ್ ಬಳಸುವಂತೆಯೇ ಇಲ್ಲ. ಫೆಡರಲ್ ಸರ್ಕಾರದ ಭೂಮಿಯಲ್ಲಿ ನೂರು ವರ್ಷ ತುಂಬಿದ ಪುರಾತತ್ವ ವಸ್ತುವನ್ನು ಪರವಾನಗಿಯಿಲ್ಲದೆ ಅಗೆಯುವುದು 1979ರ ಕಾಯ್ದೆಯಂತೆ ಅಪರಾಧ. 1925ರ ಮಾಡೆಲ್ ಟಿಗೂ ಈಗ ನೂರು ತುಂಬಿದೆ.