ಮಾನಸಿಕ ರೋಗದ ಔಷಧಿ ಸೇವಿಸುವವರಲ್ಲಿ ತೀವ್ರ ಜ್ವರ: ಗುರುತಿಸುವಿಕೆ ಮತ್ತು ಸಂಕೇತ ದಾಖಲೆ

ಸೊರಬ ತಾಲ್ಲೂಕಿನಲ್ಲಿ ಜ್ವರವೆಂದೊಡನೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಆ ರೋಗವು ಮೊದಲು ಗುರುತಿಸಲ್ಪಟ್ಟ ಕ್ಯಾಸನೂರು ಅರಣ್ಯವು ಇದೇ ತಾಲ್ಲೂಕಿನಲ್ಲಿರುವುದರಿಂದ ಈ ಎಚ್ಚರವು ಸಹಜವೂ ಅಗತ್ಯವೂ ಆಗಿದೆ. ಆದರೆ ಜ್ವರಪೀಡಿತರು ಮಾನಸಿಕ ರೋಗಕ್ಕೆ ಔಷಧಿ ಸೇವಿಸುತ್ತಿದ್ದಲ್ಲಿ ಇನ್ನೊಂದು ಸಾಧ್ಯತೆಯನ್ನೂ ಪರಿಗಣಿಸತಕ್ಕದ್ದು.

ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಓಲಾಂಜಪೈನ್ ಮುಂತಾದ ಔಷಧಿಗಳಿಂದ, ಬಹು ವಿರಳವಾಗಿ, ‘ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್’ ಎಂಬ ಮಾರಕ ಪ್ರತಿಕ್ರಿಯೆ ಉಂಟಾಗುತ್ತದೆ. ಮೆದುಳಿನಲ್ಲಿ ಡೋಪಮಿನ್ ಕ್ರಿಯೆಗೆ ತಡೆಯುಂಟಾಗಿ ದೇಹದ ಉಷ್ಣ ನಿಯಂತ್ರಣ ಕೆಡುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಔಷಧಿ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಎರಡು ವಾರಗಳೊಳಗೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಬೇಸಿಗೆಯ ದುಡಿಮೆಯಲ್ಲಿ ನೀರು ಕುಡಿಯದೆ ಬಳಲಿದವರಿಗೆ ಅಪಾಯ ಅಧಿಕ.

ಮಂಗನ ಕಾಯಿಲೆಯಲ್ಲೂ ಜ್ವರ, ಮೈಕೈ ನೋವು ಇರುತ್ತವೆ. ಇಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಬಿಗಿತ: ರೋಗಿಯ ಮೊಣಕೈಯನ್ನು ಮಡಚಲು ಹೋದರೆ ಸೀಸದ ಕೊಳವೆಯನ್ನು ಬಗ್ಗಿಸಿದಂತೆ ಒಂದೇ ಸಮನೆ ತಡೆ ಸಿಗುತ್ತದೆ. ಜೊತೆಗೆ ವಿಪರೀತ ಬೆವರು, ನಾಡಿಯ ವೇಗ, ಮಾತು ತಡವರಿಸುವುದು ಅಥವಾ ನಿಂತುಹೋಗುವುದು, ಮಂಪರು, ಕಪ್ಪು ಬಣ್ಣದ ಮೂತ್ರ. ಸ್ನಾಯುಗಳು ಕರಗಿ ಮೂತ್ರಪಿಂಡಕ್ಕೆ ಹಾನಿಯಾಗುತ್ತಿರುವುದಕ್ಕೆ ಕಡೆಯದು ಸೂಚನೆ.

ಇದನ್ನು ಮನೆಯವರು ಹಳೆಯ ಕಾಯಿಲೆಯೇ ಉಲ್ಬಣಿಸಿತೆಂದು ತಿಳಿದು ಇನ್ನೊಂದು ಮಾತ್ರೆ ಕೊಡುವುದು ಅತ್ಯಂತ ಅಪಾಯಕಾರಿ. ಗಾಳಿ ಸೋಕಿತೆಂದು ಕಾಯುವುದೂ ಕಡಿಮೆಯದಲ್ಲ. ಈ ಲಕ್ಷಣಗಳಿದ್ದಲ್ಲಿ ಮುಂದಿನ ಮಾತ್ರೆಯನ್ನು ಕೊಡದೆ, 108ಕ್ಕೆ ಕರೆ ಮಾಡಿ, ಮಾತ್ರೆಯ ಚೀಟಿ ಹಾಗೂ ಖಾಲಿ ಪಟ್ಟಿಯೊಂದಿಗೆ ಆಸ್ಪತ್ರೆಗೆ ಸಾಗಿಸತಕ್ಕದ್ದು. ತೀವ್ರ ನಿಗಾ ಘಟಕ ಬೇಕಾಗುವುದರಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸುವ ಸಂದರ್ಭ ಬರಬಹುದು. ಆದರೆ ಈ ಲಕ್ಷಣಗಳಿಲ್ಲದವರು ಕೇವಲ ಭಯದಿಂದ ಔಷಧಿ ನಿಲ್ಲಿಸಕೂಡದು. ಅದರಿಂದ ಮೂಲರೋಗ ಮರುಕಳಿಸುತ್ತದೆ.

ಇನ್ನು ದಾಖಲೆಯ ವಿಷಯ. ಐಸಿಡಿ-10 ಪಟ್ಟಿಯಲ್ಲಿ ಈ ಪ್ರತಿಕ್ರಿಯೆಗೆ ಜಿ21.0, ಕಾರಣವಾದ ಔಷಧಿಯ ಗುಂಪಿಗೆ ವೈ49ರ ಉಪಸಂಕೇತ, ಮಂಗನ ಕಾಯಿಲೆಗೆ ಎ98.2. ಪ್ರಮಾಣಪತ್ರದಲ್ಲಿ ಬರಿದೆ ‘ಜ್ವರ’ ಎಂದಿದ್ದರೆ ಅದು ಆರ್50.9 ಆಗಿ, ಔಷಧಿಯ ಸುಳಿವೇ ಅಳಿಸಿಹೋಗುತ್ತದೆ. ಸಂಕೇತ ನೀಡುವುದು ಸದಸ್ಯರ ಕೆಲಸವಲ್ಲ. ಆದರೆ ಮನೆಯಲ್ಲಿ ಮರಣ ಸಂಭವಿಸಿದಾಗ, ನಮೂನೆ 4ಎ ಬರೆಯುವ ವೈದ್ಯರಿಗೆ ಔಷಧಿಯ ವಿವರ ತಲುಪಿತೇ ಎಂಬುದನ್ನು ಊರಿನಲ್ಲಿ ವಿಚಾರಿಸಬಲ್ಲವರು ಸದಸ್ಯರೇ. ಬದುಕುಳಿದವರ ಪ್ರಕರಣವನ್ನೂ ಔಷಧ ಜಾಗೃತಿ ಸಹಾಯವಾಣಿ 1800-180-3024ಕ್ಕೆ ಉಚಿತವಾಗಿ ವರದಿ ಮಾಡಬಹುದು.