ಮನೆಯೊಳಗಿನ ಧರ್ಮಪಾಠ

ಧರ್ಮಶಿಕ್ಷಣವೆಂದೊಡನೆ ಕ್ರೈಸ್ತ ತಂದೆತಾಯಿಗಳಲ್ಲಿ ಹಲವರಿಗೆ ಇಗರ್ಜಿ, ಆದಿತ್ಯವಾರದ ತರಗತಿ, ಪಾದ್ರಿಗಳ ಉಪದೇಶ ಇವು ನೆನಪಿಗೆ ಬರುವುದು ಸಹಜ. ಮಗುವನ್ನು ಅಲ್ಲಿಗೆ ಕಳುಹಿಸಿದೆವು, ನಮ್ಮ ಹೊಣೆ ತೀರಿತು ಎಂಬ ಸಮಾಧಾನವೂ ಅದರ ಹಿಂದೆಯೇ ಬರುತ್ತದೆ. ಆದರೆ ಲೆಕ್ಕ ಹಾಕಿ ನೋಡೋಣ. ವಾರಕ್ಕೆ 168 ಗಂಟೆಗಳು. ಪೂಜೆ, ಉಪದೇಶ ಎರಡೂ ಸೇರಿ ಮಗು ಇಗರ್ಜಿಯಲ್ಲಿ ಕಳೆಯುವುದು ಎರಡೋ ಮೂರೋ ಗಂಟೆ. ಶಾಲೆಯನ್ನೂ ನಿದ್ದೆಯನ್ನೂ ಕಳೆದು ಮಿಕ್ಕ ಕಾಲವೆಲ್ಲ ಮನೆಯದು. ಆ ಕಾಲದಲ್ಲಿ ಮಗು ಏನನ್ನು ಕಾಣುತ್ತದೆ, ಏನನ್ನು ಕೇಳುತ್ತದೆ ಎಂಬುದೇ ಇಲ್ಲಿ ನಮ್ಮ ವಿಚಾರ. ಅನ್ಯಮತದ ವಿದ್ಯಾರ್ಥಿ ಮಿತ್ರರೂ ಇದನ್ನು ಓದಬಹುದು. ಪಕ್ಕದ ಬೆಂಚಿನ ಗೆಳೆಯನ ಮನೆಯಲ್ಲಿ ಸಂಜೆ ಏನು ನಡೆಯುತ್ತದೆಂದು ತಿಳಿದಿರುವುದು ಒಳ್ಳೆಯದೇ.

ಈ ಹೊಣೆಯನ್ನು ಮನೆಗೆ ವಹಿಸಿದ್ದು ಬಹು ಹಿಂದಿನ ಮಾತು. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿ ಮೋಶೆಯು ದೇವರ ಆಜ್ಞೆಗಳನ್ನು ಮಕ್ಕಳಿಗೆ ಕಲಿಸಬೇಕಾದ ಹೊತ್ತುಗಳನ್ನು ಹೆಸರಿಸುತ್ತಾನೆ: ಮನೆಯಲ್ಲಿ ಕುಳಿತಾಗ, ದಾರಿ ನಡೆವಾಗ, ಮಲಗುವಾಗ, ಏಳುವಾಗ. ಇವುಗಳಲ್ಲಿ ಒಂದಾದರೂ ಗುಡಿಯ ಹೊತ್ತಲ್ಲ ಎಂಬುದನ್ನು ಗಮನಿಸಬೇಕು. ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ಸೊಗಸಾದ ಸಂಗತಿಯಿದೆ. ಈ ವಿಧಿಗಳ ಅರ್ಥವೇನೆಂದು ಮಗನು ಕೇಳಿದಾಗ ತಂದೆಯು ಸಿದ್ಧಾಂತವನ್ನು ಒಪ್ಪಿಸಬೇಕಾಗಿಲ್ಲ. ತಾವು ಐಗುಪ್ತದಲ್ಲಿ ದಾಸರಾಗಿದ್ದುದನ್ನೂ ಬಿಡುಗಡೆ ಹೊಂದಿದ್ದನ್ನೂ ಕಥೆಯಾಗಿ ಹೇಳಬೇಕು. ಇನ್ನು ಹೊಸ ಒಡಂಬಡಿಕೆಯಲ್ಲಿ, ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಆ ತರುಣನ ನಂಬಿಕೆಯ ಮೂಲವನ್ನು ಹೇಳುವಾಗ ನೆನೆಯುವುದು ಅವನ ಅಜ್ಜಿ ಲೋವಿಯನ್ನು ಮತ್ತು ತಾಯಿ ಯೂನಿಕೆಯನ್ನು. ತಂದೆ ಗ್ರೀಕನು, ನಂಬಿಕೆ ಬಂದದ್ದು ಅಜ್ಜಿಯ ಮಡಿಲಿನಿಂದ.

ಮನೆಯ ಪಾಠಕ್ಕೆ ಎಷ್ಟು ಬಲವಿದೆಯೆಂಬುದನ್ನು ಸಂತ ಜೋಸೆಫ್ ವಾಜರ ಚರಿತ್ರೆ ತೋರಿಸುತ್ತದೆ. ಅವರು 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿದವರು. 1681ರಿಂದ ಕೆಲವು ವರ್ಷ ನಮ್ಮ ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿದವರು. ಮಂಗಳೂರಿನ ಸಮೀಪದ ಮುಡಿಪಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. 1658ರಲ್ಲಿ ಡಚ್ಚರು ಯಾಳ್ಪಾಣವನ್ನು, ಎಂದರೆ ಸಿಂಹಳದ ಜಾಫ್ನಾವನ್ನು, ಪೋರ್ಚುಗೀಸರಿಂದ ಗೆದ್ದುಕೊಂಡು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಜೋಸೆಫ್ ವಾಜರು 1687ರಲ್ಲಿ ಬಡವನ ವೇಷದಲ್ಲಿ ಅಲ್ಲಿಗೆ ಮುಟ್ಟಿದರು. ಕ್ರೈಸ್ತರು ಯಾರೆಂದು ಬಾಯಿಬಿಟ್ಟು ಕೇಳುವಂತಿರಲಿಲ್ಲ. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಕಂಡು ಯಾರ ಮುಖದಲ್ಲಿ ಗುರುತು ಮೂಡುವುದೋ ಎಂದು ನೋಡಿದರು. ಗುರುತು ಮೂಡಿತು! ಗುರುಗಳು ಹೊರಟುಹೋದ ವರ್ಷ ಹುಟ್ಟಿದ ಕೂಸಿಗೆ ಅಷ್ಟರಲ್ಲಿ ಇಪ್ಪತ್ತೊಂಬತ್ತು ವರ್ಷ. ಅದರ ಕೈಹಿಡಿದು ಶಿಲುಬೆಯ ಗುರುತು ಹಾಕಿಸಿದವರು ತಂದೆತಾಯಿಗಳೇ ಹೊರತು ಯಾವ ಪಾದ್ರಿಯೂ ಅಲ್ಲ. ಜೋಸೆಫ್ ವಾಜರು 1711ರಲ್ಲಿ ಕ್ಯಾಂಡಿಯಲ್ಲಿ ದೈವಾಧೀನರಾದರು; 2015ರ ಜನವರಿ 14ರಂದು ಅವರನ್ನು ಸಂತರೆಂದು ಸಾರಲಾಯಿತು.

ಪ್ರೊಟೆಸ್ಟಂಟ್ ಸಭೆಗಳಲ್ಲಿಯೂ ಈ ಪಾಠದ ಹೊಣೆ ಮನೆಯ ಯಜಮಾನನದು. ಜರ್ಮನಿಯ ಲೂಥರನು 1528ರಲ್ಲಿ ಹಳ್ಳಿಯ ಸಭೆಗಳನ್ನು ಸಂದರ್ಶಿಸಿ, ಜನರಿಗೆ ಕರ್ತನ ಪ್ರಾರ್ಥನೆಯೂ ಬಾರದಿದ್ದುದನ್ನು ಕಂಡು ಮರುಗಿದನು. ಮರುವರ್ಷ ಅವನ ಚಿಕ್ಕ ಪ್ರಶ್ನೋತ್ತರಮಾಲೆ ಹೊರಬಂದಿತು. ಅದರ ಭಾಗಗಳು ಮೊದಲು ಅಚ್ಚಾದದ್ದು ಗೋಡೆಗೆ ತೂಗುಹಾಕುವ ದೊಡ್ಡ ಹಾಳೆಗಳಾಗಿ. ಯಜಮಾನನು ಮನೆಮಂದಿಗೆ ಸರಳವಾಗಿ ಕಲಿಸಬೇಕಾದ ರೀತಿಯಿದು ಎಂಬುದೇ ಅವುಗಳ ತಲೆಬರಹದ ತಾತ್ಪರ್ಯ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಕನ್ನಡದ ಸತ್ಯವೇದ ಪಾರಾಯಣವೂ ಕೀರ್ತನೆಯೂ ಇಲ್ಲಿನ ಮನೆಗಳ ಕುಟುಂಬ ಪ್ರಾರ್ಥನೆಗೆ ಸೇರಿದವು.

ಕ್ರಮವಾಗಿ ಕಲಿಸಿದ ತಾಯಂದಿರಲ್ಲಿ ಇಂಗ್ಲೆಂಡಿನ ಎಪ್‌ವರ್ತ್ ಗ್ರಾಮದ ಸುಸಾನ್ನಾ ವೆಸ್ಲಿಯ ಹೆಸರು ಪ್ರಸಿದ್ಧ. ಆಕೆ ಹತ್ತೊಂಬತ್ತು ಮಕ್ಕಳನ್ನು ಹೆತ್ತಳು. ಬದುಕಿ ಬೆಳೆದವರು ಹತ್ತು ಮಂದಿ. ಬಡತನ, ಸಾಲ, ಮನೆಗೆ ಬಿದ್ದ ಬೆಂಕಿ ಇವುಗಳ ನಡುವೆಯೂ ವಾರದ ಒಂದೊಂದು ಸಂಜೆಯನ್ನು ಒಂದೊಂದು ಮಗುವಿಗಾಗಿ ಮೀಸಲಿಟ್ಟು, ಅದರೊಡನೆ ಏಕಾಂತದಲ್ಲಿ ಕುಳಿತು ಮಾತಾಡುತ್ತಿದ್ದಳು. ಗುರುವಾರ ಜಾನನ ಸರದಿ. ಮುಂದೆ ಮೆಥಡಿಸ್ಟ್ ಪಂಥಕ್ಕೆ ಕಾರಣನಾದ ಆ ಜಾನ್ ವೆಸ್ಲಿ, ದೊಡ್ಡವನಾಗಿ ದೂರದಲ್ಲಿದ್ದಾಗಲೂ, ತನಗಾಗಿ ಆ ಗುರುವಾರದ ಸಂಜೆಯನ್ನು ಕೊಡಬಹುದೆ ಎಂದು ತಾಯಿಗೆ ಬರೆದನು. ಆಕೆಯ ಪದ್ಧತಿಯಲ್ಲಿ ಇನ್ನೊಂದು ಮುಖವೂ ಉಂಟು: ಒಂದು ವರ್ಷ ತುಂಬುವುದರೊಳಗೆ ಮಗು ಬೆತ್ತಕ್ಕೆ ಹೆದರಿ ಸದ್ದಡಗಿಸಿ ಅಳುವುದನ್ನು ಕಲಿಯಬೇಕೆಂಬುದು ಆಕೆಯ ನಿಯಮವಾಗಿತ್ತು. ಇದನ್ನು ನಾವು ಸರ್ವಥಾ ಒಪ್ಪಲಾರೆವು. ಜಾನನು ಬೇಡಿದ್ದು ಗುರುವಾರವನ್ನು, ಬೆತ್ತವನ್ನಲ್ಲ.

ನಮ್ಮ ಕರಾವಳಿಯ ಕಥೋಲಿಕ ಮನೆಗಳಿಗೆ ಬರೋಣ. ಮುಸ್ಸಂಜೆಯಲ್ಲಿ ಪೀಠದ ಮುಂದೆ ದೀಪ ಹಚ್ಚಿ ಮನೆಮಂದಿಯೆಲ್ಲ ಜಪಸರ ಹೇಳುವುದು, ಮುಗಿದೊಡನೆ ಕಿರಿಯರು ಕೈಮುಗಿದು ಹಿರಿಯರೊಬ್ಬೊಬ್ಬರ ಬಳಿಗೂ ಹೋಗಿ ಆಶೀರ್ವಾದ ಬೇಡುವುದು ಇಲ್ಲಿನ ಪದ್ಧತಿ. ಹಗಲು ಜಗಳವಾಡಿದ ಅಣ್ಣನ ಮುಂದೆಯೂ ತಂಗಿ ನಿಲ್ಲಬೇಕಾಗುತ್ತದೆ. ಪ್ರಾರ್ಥನೆಯ ನಡುವೆ ಚಿಕ್ಕದೊಂದು ತೂಕಡಿಸಿದರೆ ಹೊಡೆದೆಬ್ಬಿಸುವುದಕ್ಕಿಂತ ಮಡಿಲಿಗೆಳೆದುಕೊಳ್ಳುವುದು ಲೇಸು. ನಿದ್ದೆಯಲ್ಲಿಯೂ ಆ ದನಿ ಅದರ ಕಿವಿಗೆ ಬೀಳುತ್ತಿರುತ್ತದೆ. ಈಚೆಗೆ ಆ ಹೊತ್ತನ್ನು ದೂರದರ್ಶನವೂ ಕೈಯೊಳಗಿನ ಮೊಬೈಲೂ ಹಂಚಿಕೊಂಡಿವೆ. ಮಕ್ಕಳನ್ನು ಪ್ರಾರ್ಥನೆಗೆ ಕೂರಿಸಿ ತಾವು ಮೊಬೈಲನ್ನು ತಡವುತ್ತಿರುವ ತಂದೆಯರಿಗೆ ನಾವು ಹೇಳಬೇಕಾದುದೇನೂ ಇಲ್ಲ, ಮಕ್ಕಳೇ ನೋಡುತ್ತಿದ್ದಾರೆ.

ಬೆಳೆದ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಪ್ರಾರ್ಥಿಸಿದರೂ ಅಜ್ಜಿ ಏಕೆ ಉಳಿಯಲಿಲ್ಲ? ಗೆಳೆಯನ ಮನೆಯ ದೇವರು ಬೇರೆಯೆ? ಅಧಿಕಪ್ರಸಂಗವೆಂದು ಗದರಿಸಿದರೆ ಪ್ರಶ್ನೆ ಸಾಯುವುದಿಲ್ಲ. ಮನೆಯಲ್ಲಿ ಕೇಳುವುದು ಮಾತ್ರ ನಿಲ್ಲುತ್ತದೆ. ಉತ್ತರ ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಅಜ್ಜಿಗಾಗಿ ಜೊತೆಯಲ್ಲಿ ಪ್ರಾರ್ಥಿಸಬಹುದು. ಗೆಳೆಯನ ಮನೆಯ ನಿಂದೆಯಂತೂ ಮಗುವಿನ ಕಿವಿಗೆ ಬೀಳಲೇಬಾರದು.

ಪಾಠವೆಂದು ತೋರದೆಯೇ ಪಾಠವಾಗುವುದು ಹಬ್ಬ. ಸಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ. ನಮ್ಮಲ್ಲಿ ತೆನೆಹಬ್ಬ, ಕೊಂಕಣಿಯಲ್ಲಿ ಮೊಂತಿ ಫೆಸ್ತ್. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬೇಲಿ, ತೋಟ, ಗುಡ್ಡ ಅಲೆದು ಹೂ ಕೂಡಿಸಿ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಗೊಂದರಂತೆ ಸಿಗುತ್ತದೆ. ಮಕ್ಕಳ ಕೈಗೆ ಕಬ್ಬೂ ಬರುತ್ತದೆ. ಮನೆಯಲ್ಲಿ ತೆನೆಯ ಕಾಳನ್ನು ಸುಲಿದು ಪುಡಿಮಾಡಿ ಹಾಲಿಗೆ ಬೆರೆಸಿ, ಪ್ರಾರ್ಥನೆಯಾದ ಮೇಲೆ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಬಳಿಕ ಬಾಳೆಯೆಲೆಯಲ್ಲಿ ಸಸ್ಯಾಹಾರದ ಊಟ. ಮುಂಬಯಿಗೋ ಕೊಲ್ಲಿಯ ನಾಡಿಗೋ ದುಡಿಯಲು ಹೋದವರಿಗಾಗಿ ನಾಲ್ಕು ಕಾಳನ್ನು ಕಾಗದದಲ್ಲಿ ಮಡಿಸಿ ಅಂಚೆಯಲ್ಲಿ ಕಳುಹಿಸುವ ವಾಡಿಕೆಯೂ ಉಂಟು. ಆ ಲಕೋಟೆಯ ಮೇಲೆ ವಿಳಾಸ ಬರೆಯುವ ಕೆಲಸವನ್ನು ಮನೆಯ ಶಾಲಾಬಾಲಕರಿಗೇ ಒಪ್ಪಿಸಬೇಕೆಂದು ತಾಯಂದಿರಲ್ಲಿ ನಮ್ಮ ಬಿನ್ನಹ.