ತಿರುವಿನಲ್ಲಿ ಕಾಲು ತೆಗೆಯಬಾರದೇಕೆ?

ಮೇಜಿಗೆ ಬಿಗಿದ ಸ್ಟಿಯರಿಂಗ್ ಚಕ್ರವನ್ನು ಹಿಡಿದು, ಕಾಲಬಳಿಯ ಪೆಡಲುಗಳನ್ನು ಮೆಟ್ಟಿ, ದೂರದೂರದ ಊರುಗಳಲ್ಲಿ ತಮ್ಮ ತಮ್ಮ ಮನೆಗಳಲ್ಲಿ ಕುಳಿತವರೊಡನೆ ಗಣಕಯಂತ್ರದ ತೆರೆಯ ಮೇಲೆ ಕಾರಿನ ಪಂದ್ಯವಾಡುವವರು ಇಂದು ಅನೇಕರಿದ್ದಾರೆ. ಇದು ಬರಿಯ ಹುಡುಗಾಟವೆಂದು ನಗುವವರೂ ಉಂಟು. ಆದರೆ ಈ ಆಟದೊಳಗೆ ಚಲನಶಾಸ್ತ್ರದ ಒಳ್ಳೆಯ ಪಾಠವೊಂದು ಅಡಗಿದೆ. ಹಳೆಯ ಕಾರೊಂದನ್ನು ಆರಿಸಿಕೊಂಡು ಆ ಪಾಠವನ್ನು ನಾವೀಗ ಕಲಿಯೋಣ.

ನಮ್ಮ ಕಾರು ಜರ್ಮನಿಯ ಪೋರ್ಷೆ 911. ಇದು ಮೊದಲು ಜನರ ಕಣ್ಣಿಗೆ ಬಿದ್ದುದು 1963ರಲ್ಲಿ, ಫ್ರಾಂಕ್‌ಫರ್ಟ್ ನಗರದ ವಾಹನ ಪ್ರದರ್ಶನದಲ್ಲಿ. ಆರು ಸಿಲಿಂಡರುಗಳ, ಗಾಳಿಯಿಂದಲೇ ತಣಿಯುವ ಅದರ ಎಂಜಿನು 130 ಅಶ್ವಶಕ್ತಿಯದು. ಕಾರಿನ ತೂಕ ಸುಮಾರು 1,080 ಕಿಲೋಗ್ರಾಂ. ಎಂಜಿನು ಹಿಂಚಕ್ರಗಳ ಅಚ್ಚಿಗಿಂತಲೂ ಹಿಂದೆ ಇರುವುದೇ ಇದರ ವೈಶಿಷ್ಟ್ಯ. ಆದುದರಿಂದ ಒಟ್ಟು ಭಾರದಲ್ಲಿ ಸುಮಾರು ನೂರಕ್ಕೆ 60 ಪಾಲು ಹಿಂದಿನ ಎರಡು ಚಕ್ರಗಳ ಮೇಲೆಯೇ ಬೀಳುತ್ತದೆ.

ಪಂದ್ಯದ ಹಾದಿ ಅದೇ ದೇಶದ ನೂರ್ಬುರ್ಗ್‌ರಿಂಗ್. ಐಫೆಲ್ ಬೆಟ್ಟಗಳ ನಡುವೆ 1927ರಲ್ಲಿ ತೆರೆದ ಈ ಹಾದಿಯ ಉತ್ತರ ಸುತ್ತಿನ ಉದ್ದ ಇಂದು ಸುಮಾರು 20.8 ಕಿಲೋಮೀಟರು. ಲೇಸರ್ ಕಿರಣಗಳಿಂದ ಅದರ ಉಬ್ಬುತಗ್ಗುಗಳನ್ನೆಲ್ಲ ಅಳೆದು ಗಣಕಯಂತ್ರಕ್ಕೆ ಒದಗಿಸಿದ್ದಾರೆ. ಪ್ರತಿಯೊಂದು ಟೈರಿನ ಮೇಲೂ ಬೀಳುವ ಬಲವನ್ನು ಯಂತ್ರವು ಸೆಕೆಂಡಿಗೆ ನೂರಾರು ಸಲ ಲೆಕ್ಕಹಾಕುತ್ತದೆ. ಆದುದರಿಂದಲೇ ತೆರೆಯ ಮೇಲಿನ ಕಾರಿಗೂ ನಿಜವಾದ ಕಾರಿನ ಸ್ವಭಾವ ಬರುತ್ತದೆ.

ಈಗ ನಾವು ಒಂದು ತಿರುವನ್ನು ವೇಗವಾಗಿ ಪ್ರವೇಶಿಸಿದ್ದೇವೆಂದು ಭಾವಿಸೋಣ. ಕವಣೆಯ ಕಲ್ಲನ್ನು ಸುತ್ತಿನಲ್ಲಿ ಹಿಡಿದಿಡುವುದು ಹಗ್ಗ. ಕಾರಿಗೆ ಅಂತಹ ಹಗ್ಗವೆಂದರೆ ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಈ ಹಗ್ಗದ ಮೇಲಿನ ಸೆಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಲ್ಲಿ ಸಾಗಬೇಕಾದ ತಿರುವನ್ನು 96ರಲ್ಲಿ ಹೊಕ್ಕರೆ ವೇಗ ಹೆಚ್ಚುವುದು ನೂರಕ್ಕೆ 20ರಷ್ಟು. ಬೇಕಾಗುವ ಬಲ ಹೆಚ್ಚುವುದು ನೂರಕ್ಕೆ 44ರಷ್ಟು.

ವೇಗ ಮಿತಿಮೀರಿತೆಂದು ಹೆದರಿದವನು ಏನು ಮಾಡುತ್ತಾನೆ? ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ಅಪಾಯವಿರುವುದು ಅಲ್ಲಿಯೇ. ಬಸ್ಸಿಗೆ ಬ್ರೇಕು ಬಿದ್ದೊಡನೆ ನಿಂತವರು ಮುಂದಕ್ಕೆ ವಾಲುವುದಿಲ್ಲವೆ? ಹಾಗೆಯೇ ಕಾರಿನ ಭಾರವೂ ಮುಂಚಕ್ರಗಳತ್ತ ಸರಿಯುತ್ತದೆ. ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವಣ ಅಂತರ 2.21 ಮೀಟರು. ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರು ಎತ್ತರದಲ್ಲಿದೆಯೆಂದೂ, ವೇಗ ಕುಗ್ಗುವ ಪ್ರಮಾಣ ಗುರುತ್ವವೇಗೋತ್ಕರ್ಷದ ಐದರಲ್ಲೊಂದು ಪಾಲೆಂದೂ ಇಟ್ಟುಕೊಂಡರೆ, ಸುಮಾರು 49 ಕಿಲೋಗ್ರಾಂ ಭಾರ ಕ್ಷಣದಲ್ಲಿ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಮುಂದಿನ ಟೈರುಗಳ ಹಿಡಿತ ಹೆಚ್ಚುತ್ತದೆ, ಹಿಂದಿನವುಗಳದು ಕುಗ್ಗುತ್ತದೆ. ಉಳಿದ ಹಿಡಿತದಲ್ಲಿಯೂ ಒಂದಂಶವನ್ನು ಎಂಜಿನಿನ ತಡೆ ಬಳಸಿಕೊಳ್ಳುತ್ತದೆ. ಭಾರವಾದ ಹಿಂಭಾಗವಾದರೋ ಜಡತ್ವದಿಂದ ಹೊರಕ್ಕೆ ಜಾರುತ್ತದೆ. ಕಾರು ಬುಗುರಿಯಂತೆ ತಿರುಗಿಬಿಡುತ್ತದೆ.

ತಯಾರಕರೂ ಈ ದೋಷವನ್ನು ಅರಿತಿದ್ದರು. 1969ರ ಮಾದರಿಯಲ್ಲಿ ಹಿಂಚಕ್ರಗಳನ್ನು 57 ಮಿಲಿಮೀಟರು ಹಿಂದಕ್ಕೆ ಸರಿಸಿ ಭಾರದ ಹಂಚಿಕೆಯನ್ನು ಸ್ವಲ್ಪ ಸುಧಾರಿಸಿದರು.

ನಿಜವಾದ ಕಾರಿನಲ್ಲಿ ಹಿಂಭಾಗ ಜಾರತೊಡಗಿದರೆ ಒಳಗಿವಿಯ ಸಮತೋಲನಾಂಗವೂ, ಆಸನಕ್ಕೊತ್ತಿದ ಬೆನ್ನೂ ಒಡನೆ ಸುದ್ದಿ ಕೊಡುತ್ತವೆ. ಮನೆಯ ಕುರ್ಚಿ ಕದಲುವುದಿಲ್ಲ. ಅಲ್ಲಿ ನಮಗಿರುವ ದೂತರು ಮುಖ್ಯವಾಗಿ ಮೂವರು: ಕಣ್ಣು, ಟೈರಿನ ಚೀರಾಟವನ್ನು ಕೇಳುವ ಕಿವಿ, ಮತ್ತು ಸ್ಟಿಯರಿಂಗ್ ಚಕ್ರದೊಳಗಿನ ಮೋಟಾರಿನ ಪ್ರತಿರೋಧವನ್ನು ಅರಿಯುವ ಕೈ. ಬೆನ್ನು ತಿಳಿಸುತ್ತಿದ್ದುದನ್ನು ಕಣ್ಣು ತಡವಾಗಿ ತಿಳಿಸುತ್ತದೆ. ಆದುದರಿಂದ ಜಾರಿದ ಮೇಲೆ ತಿದ್ದುವುದಕ್ಕಿಂತ ಜಾರದಂತೆ ನಡೆಸುವುದೇ ಇಲ್ಲಿ ಜಾಣತನ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಎದುರಾಳಿಯ ಕಾರು ಎಲ್ಲಿದೆಯೆಂಬ ಸುದ್ದಿ ಅಂತರಜಾಲದ ಮೂಲಕ ಬರಬೇಕು. ಅದು ಸೆಕೆಂಡಿನ ಹತ್ತರಲ್ಲೊಂದು ಪಾಲು ತಡವಾಯಿತೆನ್ನೋಣ. ಗಂಟೆಗೆ 144 ಕಿಲೋಮೀಟರು ವೇಗದ ಕಾರು ಅಷ್ಟರಲ್ಲಿ 4 ಮೀಟರು, ಎಂದರೆ ಹೆಚ್ಚುಕಡಿಮೆ ತನ್ನ ಉದ್ದದಷ್ಟೇ ದೂರ, ಮುಂದೆ ಹೋಗಿರುತ್ತದೆ. ಈ ಕೊರತೆಯನ್ನು ತುಂಬಲು ಯಂತ್ರವು ಹಿಂದಿನ ವೇಗವನ್ನೂ ದಿಕ್ಕನ್ನೂ ಆಧರಿಸಿ ಮುಂದಿನ ಸ್ಥಾನವನ್ನು ಊಹಿಸುತ್ತದೆ. ಸಮವಾಗಿ ಸಾಗುವ ಕಾರಿನ ವಿಷಯದಲ್ಲಿ ಊಹೆ ನಿಜವಾಗುತ್ತದೆ. ಥಟ್ಟನೆ ತಿರುಗಿದ ಕಾರಿನ ವಿಷಯದಲ್ಲಿ ಸುಳ್ಳಾಗುತ್ತದೆ. ಆಗ ಹಿಂದೆ ಬರುವವನಿಗೆ ದಾರಿ ಖಾಲಿಯಿರುವಂತೆ ಕಂಡು, ಮರುಕ್ಷಣವೇ ಎದುರಿಗೆ ಕಾರು ಅಡ್ಡ ನಿಂತಿರುತ್ತದೆ. ಒಬ್ಬನ ಆತುರದ ಕಾಲು ಹಲವರ ಪಂದ್ಯವನ್ನು ಕೆಡಿಸಿತು!

ಹಾಗಾದರೆ ಮಾಡಬೇಕಾದುದೇನು? ತಿರುವಿಗೆ ಮುಂಚೆಯೇ, ಕಾರು ನೇರವಾಗಿರುವಾಗ, ಬ್ರೇಕು ಹಾಕಿ ವೇಗವನ್ನು ತಗ್ಗಿಸಬೇಕು. ತಿರುವಿನೊಳಗೆ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿಯೇ ಇದ್ದು, ಹೊರಬರುವಾಗ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ವೇಗ ಹೆಚ್ಚಾಯಿತೆಂದು ಕಂಡರೆ ಕಾಲನ್ನು ಅಂಗುಲದಂಗುಲವಾಗಿ ಸಡಿಲಿಸಬೇಕು, ಕಿತ್ತುಕೊಳ್ಳಬಾರದು. ಹಿಂಭಾಗ ಜಾರಿಯೇ ಬಿಟ್ಟರೆ ಅದು ಜಾರುವ ಕಡೆಗೇ ಸ್ಟಿಯರಿಂಗ್ ತಿರುಗಿಸಬೇಕು.

ಹೆದರಿದಾಗ ಕಾಲು ಹಿಂದೆಗೆಯುವುದು ದೇಹದ ಸಹಜಗುಣ. ನಡೆಯುವವನನ್ನು ಅದು ಕಾಪಾಡುತ್ತದೆ. ಹಿಂದೆ ಭಾರ ಹೊತ್ತ ಕಾರಿನ ಸವಾರನನ್ನು ಕೆಡಹುತ್ತದೆ. ನಿಜವಾದ ರಸ್ತೆಯಲ್ಲಿ ಈ ಪಾಠಕ್ಕೆ ತೆರಬೇಕಾದ ಬೆಲೆ ಪ್ರಾಣವೇ ಆಗಬಹುದು. ಮನೆಯ ಮೇಜಿನ ಮುಂದೆ ನೂರು ಸಲ ತಪ್ಪಿ ಕಲಿಯುವ ಅವಕಾಶವಿರುವಾಗ ಅದನ್ನು ಹುಡುಗಾಟವೆಂದು ತಳ್ಳಿಹಾಕುವುದು ಸರಿಯೆ?